ತಾಮ್ರದೊಳಗಿನ ಸೀಳು

"ಇನ್ನೊಮ್ಮಿ ಇಟ್ಟು ನೋಡ್ರಿ," ಅಂದರು ಕಮರುದ್ದೀನ ಸರ್.

ಆರತಿ ಇನ್ನೊಮ್ಮೆ ಇಟ್ಟಳು. ಒದ್ದೆ ಹತ್ತಿಯ ಸಣ್ಣ ಉಂಡೆಯನ್ನು ತಾಮ್ರದ ಉಂಗುರದ ಮೇಲೆ ಕೂಡಿಸಿ, ಅದರ ಮೇಲೊಂದು ಗಾಜಿನ ಬಿಲ್ಲೆ ಹೇರಿ ಕೈ ಹಿಂದಕ್ಕೆ ತೆಗೆದುಕೊಂಡಳು. ಪರದೆಯ ಮೇಲಿನ ಹಸಿರು ಗೆರೆ ಅಲ್ಲಾಡಲಿಲ್ಲ. ಅಲ್ಲಾಡಲೇ ಇಲ್ಲ ಅಂದರೆ ಸುಳ್ಳಾದೀತು. ಮಲಗಿದ ಎಮ್ಮೆ ಕಿವಿ ಆಡಿಸಿದಷ್ಟು ಅಲ್ಲಾಡಿತು. ಮೇಲಿನ ಫ್ಯಾನು ಜೋರು ಮಾಡಿದರೂ ಅದು ಅಷ್ಟು ಅಲ್ಲಾಡುತ್ತಿತ್ತು.

"ಬೆಸಿಗಿ ಸರಿ ಇಲ್ಲ," ಸರ್ ತೀರ್ಪು ಕೊಟ್ಟರು. "ಬಿಚ್ಚಿ ಮತ್ತ ಬೆಸೀರಿ. ನಮ್ಮ ಸೀಳಿನ್ಯಾಗ ಏನೂ ತಪ್ಪಿಲ್ಲ."

ಬಿಚ್ಚಿ ಬೆಸೆದು, ಬಿಚ್ಚಿ ಬೆಸೆದು ಆರತಿಯ ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿದ್ದವು. ಅದನ್ನು ಹೇಳಿ ಏನು ಬಂತು ಎಂದು ಅವಳು ತಲೆಯಾಡಿಸಿ ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡಳು.

ವಿಷಯ ಇಷ್ಟೇ. ಅಂಗೈಯಷ್ಟು ಅಗಲದ ಒಂದು ಬೋರ್ಡು. ಅದರ ಮೇಲೆ ತಾಮ್ರದ ತೆಳ್ಳನೆಯ ಉಂಗುರ, ಉಂಗುರಕ್ಕೆ ಒಂದು ಕಡೆ ಕಿರಿದಾದ ಬಾಯಿ. ಒಂದು ತುದಿಯಿಂದ ಮೈಕ್ರೋವೇವ್ ಅಲೆ ಬಿಟ್ಟರೆ, ಯಾವುದೋ ಒಂದೇ ಫ್ರೀಕ್ವೆನ್ಸಿಯ ಹತ್ತಿರ ಉಂಗುರ ಅದನ್ನು ನುಂಗಿಬಿಡುತ್ತದೆ. ಪರದೆಯ ಗೆರೆ ಆ ಜಾಗದಲ್ಲಿ ತಗ್ಗಿಗೆ ಇಳಿಯುತ್ತದೆ. ಉಂಗುರದ ಮೇಲೆ ಏನಾದರೂ ಇಟ್ಟರೆ ಆ ತಗ್ಗು ಎಡಕ್ಕೆ ಸರಿಯುತ್ತದೆ. ಇಟ್ಟದ್ದರಲ್ಲಿ ನೀರು ಹೆಚ್ಚಿದ್ದಷ್ಟೂ ಹೆಚ್ಚು ಸರಿಯಬೇಕು. ಎಷ್ಟು ಸರಿಯಿತು ನೋಡಿ ಹತ್ತಿಯಲ್ಲಿ ನೀರೆಷ್ಟಿದೆ ಹೇಳಬಹುದು. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಕೊಳ್ಳುವವ ಹತ್ತಿ ತುಂಬಿದ ಅಂಡಿಗೆಯೊಳಗೆ ಕೈ ತೂರಿಸಿ "ಹಸಿ ಐತಿ" ಅನ್ನುವುದು, ಮಾರುವವ ಮನೆದೇವರ ಆಣೆ ಮಾಡಿ "ಕಡ್ಡಿ ಒಣಗಿದಂಗ ಒಣಗೇತಿ" ಅನ್ನುವುದು, ಇಬ್ಬರೂ ಕೊರಳಪಟ್ಟಿ ಹಿಡಿಯುವುದು, ಇದನ್ನೆಲ್ಲ ಅಪ್ಪನ ದಲಾಲಿ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತು ಆರತಿ ಸಣ್ಣವಳಿದ್ದಾಗಿನಿಂದ ನೋಡಿದ್ದಳು. ಆ ಜಗಳಕ್ಕೊಂದು ಕೊನೆ ಕಾಣಿಸಬೇಕೆಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ ಮಾಡುತ್ತ ಪಿಎಚ್‌ಡಿಗೆ ಕೈಹಾಕಿದ್ದಳು.

ಆದರೆ ಉಂಗುರಕ್ಕೆ ಸೂಕ್ಷ್ಮ ಸಾಲದು. ಒಣ ಹತ್ತಿ ಇಟ್ಟರೂ ಅಷ್ಟೇ, ಹಸಿ ಹತ್ತಿ ಇಟ್ಟರೂ ಅಷ್ಟೇ. ಎರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದದ್ದಾಯಿತು. ಕೊನೆಗೆ ಹೋದ ದಸರೆಯ ಮುಂದೆ ಕಮರುದ್ದೀನ ಸರ್ ಒಂದು ಉಪಾಯ ತೆಗೆದರು: ಉಂಗುರದ ಬಾಯಿಯ ಹತ್ತಿರ, ತಾಮ್ರದೊಳಗೇ, ಕೂದಲೆಳೆಯಂಥ ಒಂದು ಸೀಳು. ಅಲೆ ಅಲ್ಲಿ ಒತ್ತರಿಸಿಕೊಂಡು ಹೊರಗೆ ಉಕ್ಕುತ್ತದೆ, ಹತ್ತಿಯನ್ನು ಚೆನ್ನಾಗಿ ಮುಟ್ಟುತ್ತದೆ ಎಂಬ ಲೆಕ್ಕ. ಹೊಸ ಬೋರ್ಡು ಬೆಂಗಳೂರಿನಲ್ಲಿ ತಯಾರಾಗಿ ಬಂತು. ಹಬ್ಬ ಮುಗಿಸಿ ಬಂದು ಹತ್ತಿ ಇಟ್ಟು ನೋಡಿದರೆ, ಅಬ್ಬಬ್ಬಾ! ತಗ್ಗು ಪರದೆಯ ಈ ಕಡೆಯಿಂದ ಆ ಕಡೆಗೆ ಜಾರಿತು. ಲೆಕ್ಕ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸರ್ ಕುರ್ಚಿ ಬಿಟ್ಟೆದ್ದು ಇಡೀ ಡಿಪಾರ್ಟ್‌ಮೆಂಟಿಗೆ ಮಿರ್ಚಿ ಭಜಿ ತರಿಸಿದ್ದರು.

ಅಷ್ಟಾದ ಮೇಲೆ ಥೀಸಿಸ್ ಬರೆದದ್ದೂ ಆಯಿತು. ಅದರ ಕರಡು ನೋಡಿದ ಹೊರಗಿನ ಪರೀಕ್ಷಕರೊಬ್ಬರು ಮಾತ್ರ ಒಂದೇ ಬೋರ್ಡಿನ ಸಾಕ್ಷಿ ನಡೆಯುವುದಿಲ್ಲ, ಅದೇ ಥರದ ಇನ್ನೊಂದು ಮಾಡಿ ತೋರಿಸಿ ಅಂದುಬಿಟ್ಟರು. ಇನ್ನೊಂದು ಬಂತು. ಅದೇ ನಕ್ಷೆ, ಅದೇ ತಾಮ್ರ, ಅದೇ ಸೀಳು. ಅದು ಈಗ ಎಮ್ಮೆಯ ಹಾಗೆ ಮಲಗಿತ್ತು. ಜುಲೈ ಕೊನೆಗೆ ಕಮರುದ್ದೀನ ಸರ್ ರಿಟೈರ್ ಆಗುವವರಿದ್ದರು. ಅಷ್ಟರೊಳಗೆ ಅವರ ಸಹಿ ಬಿದ್ದು ಥೀಸಿಸ್ ಹೋಗದಿದ್ದರೆ ಆರತಿ ಹೊಸ ಗೈಡ್ ಹುಡುಕಿಕೊಂಡು ಮತ್ತೆ ಅ ಆ ಇ ಈ ಇಂದ ಶುರು ಮಾಡಬೇಕು. ಈ ವಿಷಯ ತಿಳಿದ ಹೊಸ ಗೈಡ್ ಈ ಸೀಮೆಯಲ್ಲಿ ಎಲ್ಲಿ ಸಿಗಬೇಕು?

ಕಾಲು ಸುಟ್ಟ ಬೆಕ್ಕು ಅಂತಾರಲ್ಲ, ಆ ವಾರ ಆರತಿ ಹಾಗೆಯೇ ಇದ್ದಳು. ಪಾಠ ಮಾಡುವಾಗ ಕರಿಹಲಗೆಯ ಮೇಲೆ ಬರೆದದ್ದನ್ನೇ ಮತ್ತೆ ಬರೆದಳು. ಹುಡುಗರು ನಕ್ಕರೆ ಸಿಟ್ಟು ಬಂತು, ನಗದಿದ್ದರೂ ಸಿಟ್ಟು ಬಂತು. ಒಂದು ಸಂಜೆ ಹುಬ್ಬಳ್ಳಿಯಿಂದ ಧಾರವಾಡದ ಬಸ್ಸು ಹತ್ತಿದವಳು ನಡುದಾರಿಯ ನವನಗರ ಬಂದೊಡನೆ ಯಾಕೋ ಕೂತಿರಲಾಗದೆ ಇಳಿದುಬಿಟ್ಟಳು. ಇಳಿದ ಮೇಲೆ, ಅಯ್ಯೋ ಇಲ್ಲಿ ನನಗೇನು ಕೆಲಸ ಎಂದು ತುಂತುರು ಮಳೆಯಲ್ಲಿ ನಿಂತು ಮುಂದಿನ ಬಸ್ಸಿಗೆ ಕಾದಳು. ಮಾಳಮಡ್ಡಿಯ ಮನೆ ಮುಟ್ಟುವ ಹೊತ್ತಿಗೆ ಸೆರಗಿನಿಂದ ನೀರು ಸೋರುತ್ತಿತ್ತು.

"ಏನವಾ ಇದು ಅವತಾರ?" ಅವ್ವ ಗೌರಕ್ಕ ಟವೆಲ್ ಎಸೆದಳು. "ಊಟ ಇಲ್ಲ ನಿದ್ದಿ ಇಲ್ಲ. ಹತ್ತಿ ಹಸಿ ಐತೋ ಒಣಾ ಐತೋ ನೋಡಾಕ ನಿಮ್ಮಪ್ಪಗ ಒಂದು ನಿಮಿಷ ಹತ್ತತಿತ್ತು. ನಿನಗ ಮೂರು ವರ್ಷ ಆತು."

"ಅಪ್ಪಾರು ಹೇಳಿದ್ದನ್ನ ಯಾರರೆ ಒಪ್ಪತಿದ್ರೇನು? ದಿನಾ ಜಗಳಾನ ಇತ್ತಲ್ಲ," ಅಂದಳು ಆರತಿ.

"ಒಪ್ಪಲಿಲ್ಲಂದ್ರ ಏನಾತು, ಮನಿ ನಡೀಲಿಲ್ಲೇನು?" ಎಂದು ಗೌರಕ್ಕ ದೇವರ ಕೋಣೆಗೆ ಹೋದಳು. ಅಲ್ಲಿಂದ ಅವಳ ಗೊಣಗಾಟ ಕೇಳಿತು. "ನೋಡಿಲ್ಲಿ, ಈಬತ್ತಿ ಗಟ್ಟಿ ಹೆಂಗ ಮೆತ್ತಗಾಗೇತಿ! ಈ ಮಳಿಗಾಲ ಬಂತಂದ್ರ ಸಾಕು, ಹವಾದಾಗಿನ ನೀರೆಲ್ಲಾ ತಾನ ಕುಡೀತೈತಿ. ಮಠದ ಖರೇ ಈಬತ್ತಿ ಅಂದ್ರ ಇದ ಹಣೆಬಾರ. ಅಂಗಡ್ಯಾಗಿನ ಸುಣ್ಣದ ಉಂಡಿ ಆಗಿದ್ರ ಹಿಂಗ ಆಗತಿರಲಿಲ್ಲ. ತಪ್ಪಾತಪಾ ನಮ್ಮಪ್ಪ, ಹಂಗ ಅನಬಾರದು." ಹೀಗೆ ಶಿವನಿಗೆ ಕೆನ್ನೆ ಬಡಿದುಕೊಂಡು, ವಿಭೂತಿಯನ್ನು ಬಟ್ಟಲಲ್ಲಿಟ್ಟು ಒಲೆಯ ಬದಿಗೆ ಒಣಗಲು ತಂದಿಟ್ಟಳು.

ಆರತಿಯ ಕೈಯಲ್ಲಿ ಟವೆಲ್ ಹಾಗೇ ನಿಂತಿತು.

ಹೋದ ವರ್ಷ ಸೀಳಿನ ಮೊದಲ ಬೋರ್ಡು ಬಂದದ್ದು ಖಂಡೇಪೂಜೆಯ, ಅಂದರೆ ದಸರೆಯ ಆಯುಧಪೂಜೆಯ, ಹಿಂದಿನ ದಿನ. ಹೊಸ ಸಾಮಾನು ಪೂಜೆಯಾಗದೆ ಬಳಸುವುದುಂಟೇ? ಹೊಸ ಸೈಕಲ್ಲಾಗಲಿ, ಹೊಸ ಟ್ರ್ಯಾಕ್ಟರಾಗಲಿ, ಲ್ಯಾಬಿನ ಅನಲೈಝರ್ ಆಗಲಿ, ಈ ಊರಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಮರುದಿನ ಲ್ಯಾಬಿನಲ್ಲಿ ಸಾಲಾಗಿ ಎಲ್ಲಕ್ಕೂ ಚೆಂಡುಹೂ ಏರಿಸಿ, ಬೆಸುಗೆಯ ಕಡ್ಡಿಗೂ ಬಿಡದೆ ಕುಂಕುಮ ಹಚ್ಚಿ, ಹೊಸ ಬೋರ್ಡಿಗೆ ಆರತಿಯೇ ಮೂರು ಬೆರಳು ಅದ್ದಿ ಮೂರು ಬಟ್ಟು ಇದೇ ಮಠದ ವಿಭೂತಿ ಎಳೆದಿದ್ದಳು. ಪ್ರತಿ ವರ್ಷದಂತೆ ಕಾಯಿ ತಂದವರು ಕಮರುದ್ದೀನ ಸರ್. ಒಡೆದವರೂ ಅವರೇ. ಮೊದಲು ಖಾಲಿ ಇಟ್ಟು ಅಳೆಯದೆ ಮುಂದಕ್ಕೆ ಹೋದರೆ ಹುಡುಗರ ಕಿವಿ ಹಿಂಡುತ್ತಿದ್ದ ಸರ್ ಕೂಡ ಆವತ್ತು ಅದನ್ನು ಮರೆತು ಕೊಬ್ಬರಿ ತಿನ್ನುತ್ತ ನಿಂತಿದ್ದರು. ಹಬ್ಬ ಕಳೆದ ಮೇಲೆ ಬೋರ್ಡನ್ನು ಆರತಿ ಸೆರಗಿನಿಂದ ಒರೆಸಿದ್ದೂ ಖರೆ. ಸೆರಗು ಉಂಗುರದ ಬಾಯಿಯ ಕಿರಿದಾದ ಸಂದಿಯೊಳಗೆ ಹೊಕ್ಕೀತೇ?

ಮರುದಿನ ಅವಳು ಅವ್ವನ ಬಟ್ಟಲಿನಿಂದ ಒಂದು ಚೂರು ಕಾಗದದಲ್ಲಿ ಕಟ್ಟಿಕೊಂಡು ಹೋದಳು. ಸರ್ ಕ್ಲಾಸಿಗೆ ಹೋದ ಹೊತ್ತು ನೋಡಿ ಎರಡನೆಯ ಬೋರ್ಡಿಗೆ ಹಚ್ಚಿ, ಒಣಗಿಸಿ, ಒರೆಸಿದಳು. ಉಂಗುರದ ಬಾಯಿಯಲ್ಲಿ ಬಿಳಿ ಗೆರೆ ಉಳಿಯಿತು. ಹತ್ತಿ ಇಟ್ಟಳು. ತಗ್ಗು ಸರ್ರನೆ ಎಡಕ್ಕೆ ಹೋಯಿತು.

ಆರತಿಗೆ ಕುಣಿಯುವಂತಾಯಿತು. ವಿಭೂತಿಯ ಬೂದಿ ಹತ್ತಿಯೊಳಗಿನ ತೇವ ಹೀರಿಕೊಂಡು, ಅಲೆ ಎಲ್ಲಿ ದಟ್ಟವಾಗಿರುತ್ತದೋ ಅಲ್ಲಿಗೇ ತಂದು ಮುಟ್ಟಿಸುತ್ತಿದೆ! ಎಷ್ಟು ಸಾದಾ ಮಾತು! ಇಷ್ಟು ಹೊಳೆಯುವುದರೊಳಗೆ ಹಿಂದಿನಿಂದಲೇ ಇನ್ನೊಂದು ಹೊಳೆಯಿತು. ಹಾಗಾದರೆ ಸರ್ ಅವರ ಸೀಳು?

ಈಗಲೇ ಹೇಳಿಬಿಡಬೇಕೆಂದು ಅವರ ಕೋಣೆಗೆ ಹೋದಳು. ಸರ್ ಟೇಬಲ್ಲಿನ ಮೇಲೆ ಪ್ರೊಜೆಕ್ಟರಿನ ಪ್ಲಾಸ್ಟಿಕ್ ಹಾಳೆ ಹರಡಿಕೊಂಡು ಕೆಂಪು ಪೆನ್ನಿನಿಂದ ಉಂಗುರ ಬರೆಯುತ್ತಿದ್ದರು. ಬೀಳ್ಕೊಡುಗೆಯ ದಿನ ಭಾಷಣದ ಬದಲು ಒಂದು ಪಾಠ ಮಾಡುತ್ತೇನೆ ಅಂದಿದ್ದರು ಅವರು. ಅದರ ತಯಾರಿ.

"ಬರ್ರಿ ಹಿರೇಮಠ ಮೇಡಂ," ಅಂದರು. ಖುಷಿಯಲ್ಲಿದ್ದಾಗ ಆರತಿ ಹಿರೇಮಠ ಅವರ ಬಾಯಲ್ಲಿ ಮೇಡಂ ಆಗುತ್ತಿದ್ದಳು. "ನೋಡ್ರಿ, ಸೀಳು ಕೆಂಪು ಬಣ್ಣದಾಗ ಬರದೇನಿ. ಹಿಂದ ಕೂತವ್ರಿಗೂ ಕಾಣಬೇಕಲ್ಲ? ಮೂವತ್ನಾಕು ವರ್ಷ ನೌಕರಿ ಮಾಡಿದೆ. ಯಾರ್ಯಾರೋ ಮಾಡಿಟ್ಟ ಲೆಕ್ಕ ಕಲಿಸಿದೆ. ಬ್ಯಾರೇದವರ ಹೊಲಾ ಉತ್ತಂಗ. ಇದೊಂದ ನಂದು ನೋಡವಾ. ಈಟ ಸೀಳು. ಇಷ್ಟ ಸಾಕು ನನಗ." ಅವರು ಉಗುರಿನ ತುದಿ ತೋರಿಸಿದರು.

ಆರತಿಯ ಬಾಯಲ್ಲಿ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಸರ್, ಎರಡನೇ ಬೋರ್ಡು..." ಎಂದಳು. "ಕೆಲಸಾ ಮಾಡಾಕತ್ತೇತ್ರಿ."

"ಹೇಳಲಿಲ್ಲೇನು ನಾ!" ಸರ್ ಟೇಬಲ್ ಗುದ್ದಿದರು. ಪೆನ್ನು ಉರುಳಿ ಬಿತ್ತು. "ಬೆಸಿಗಿ! ಬೆಸಿಗೀದ ಕಾರಭಾರ ಅದು!"

ಆರತಿ ಪೆನ್ನು ಹೆಕ್ಕಿಕೊಟ್ಟು ಹೊರಗೆ ಬಂದಳು. ಸುಳ್ಳು ಹೇಳಿರಲಿಲ್ಲ. ಖರೆಯನ್ನೂ ಹೇಳಿರಲಿಲ್ಲ. ಥೀಸಿಸ್ ಹೋಗುತ್ತದೆ, ಸರ್ ಸಂತೋಷದಿಂದ ಮನೆಗೆ ಹೋಗುತ್ತಾರೆ, ಯಾರ ಗಂಟು ಏನು ಹೋಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಕಾರಿಡಾರಿನ ತುದಿಯವರೆಗೂ ಬರಲಿಲ್ಲ.

ಮನೆಯಲ್ಲಿ ಗೌರಕ್ಕನ ಮುಂದೆ ಹೇಳಿದರೆ ಅವಳದು ಬೇರೆಯೇ ರಾಗ. "ದೇವರ ಈಬತ್ತಿ ಹಚ್ಚಿದ್ದಕ್ಕ ಛಲೋ ಆತು. ಇದರಾಗ ಅಳೂದೇನೈತಿ? ಹಂಗಂತ ಬರದ ಬಿಡು."

"ಹಂಗ ಬರದ್ರ ಸರ್ ಅವರ ಸೀಳಿಗೆ ಬೆಲೆ ಇಲ್ಲದಂಗ ಆಗ್ತೈತಿ ಅವ್ವಾ."

"ಹಂಗಾದ್ರ ಬರೀಬ್ಯಾಡ."

"ಬರೀಲಿಲ್ಲಂದ್ರ ಅದು ಸುಳ್ಳಾಗ್ತೈತಿ."

"ಏನರೆ ಒಂದು ಮಾಡು ನಮ್ಮವ್ವಾ, ಮೊದಲ ರೊಟ್ಟಿ ತಿನ್ನು," ಎಂದು ಗೌರಕ್ಕ ಸೋತಳು. ರೊಟ್ಟಿ ತಟ್ಟೆಯಲ್ಲೇ ಆರಿತು.

ಸುಮ್ಮನಿದ್ದರೆ ಸುಮ್ಮನೆ ನಡೆದುಹೋಗುತ್ತದೆ ಅಂದುಕೊಂಡದ್ದೂ ಸುಳ್ಳಾಯಿತು. ಬೀಳ್ಕೊಡುಗೆ ಹತ್ತಿರ ಬಂದಾಗ ಸರ್ ಹೊಸದೊಂದು ಹುರುಪು ಹಚ್ಚಿಕೊಂಡರು. ಬೆಂಗಳೂರಿನಿಂದ ಮೂರನೆಯ ಬೋರ್ಡು ತರಿಸಿದರು. ಅದನ್ನು ಬಿಚ್ಚದೆ, ಮೊಹರು ಸಮೇತ ತಮ್ಮ ಕಪಾಟಿನಲ್ಲಿ ಇಟ್ಟರು. "ಎಲ್ಲಾರ ಮುಂದನ ಬಿಚ್ಚತೀನಿ. ಪ್ರಿನ್ಸಿಪಾಲರ ಕೈಲೆ ಹತ್ತಿ ಇಡಸ್ತೀನಿ. ತಗ್ಗು ಓಡೂದನ್ನ ಇಡೀ ಕಾಲೇಜ್ ನೋಡಲಿ. ಹೆಂಗ?" ಎಂದು ಆರತಿಯ ಮುಖ ನೋಡಿದರು.

"ಛಲೋ ಆಗ್ತೈತ್ರಿ ಸರ್," ಅಂದಳು. ಮತ್ತೇನು ಅನ್ನಬೇಕಿತ್ತು? ಇಡೀ ಕಾಲೇಜಿನ ಮುಂದೆ ಆ ಗೆರೆ ಅಲ್ಲಾಡದೆ ಮಲಗುವುದು, ಸರ್ ಬೆವರೊರೆಸಿಕೊಂಡು ಬೆಸುಗೆ, ಬೆಸುಗೆ ಅನ್ನುವುದು ಅವಳ ಕಣ್ಣಿಗೆ ಕಟ್ಟಿತು. ಇದನ್ನು ಆಗಗೊಡುವುದು ಮಾತ್ರ ಸಾಧ್ಯವಿರಲಿಲ್ಲ.

ಬೀಳ್ಕೊಡುಗೆಯ ದಿನ ಆರತಿ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಬಂದಳು. ಕಾಲೇಜಿನ ಅಂಗಳದಲ್ಲಿ ಪೆಂಡಾಲಿನವರು ಇನ್ನೂ ಕಂಬ ನಿಲ್ಲಿಸುತ್ತಿದ್ದರು. ಸರ್ ಅವರ ಕೋಣೆಗೆ ಬೀಗವಿರಲಿಲ್ಲ, ಕಪಾಟಿಗೂ ಇರಲಿಲ್ಲ; ಅವರು ಯಾವತ್ತೂ ಬೀಗ ಹಾಕಿದವರಲ್ಲ. ಮೊಹರನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ ಬೋರ್ಡು ಹೊರಗೆ ತೆಗೆದಳು. ಮನೆಯಿಂದ ತಂದ ಪೊಟ್ಟಣ ಬಿಚ್ಚಿ, ಬೆರಳಿಗೆ ನೀರು ಮುಟ್ಟಿಸಿ, ವಿಭೂತಿಯನ್ನು ತಿಕ್ಕಿಕೊಂಡಳು. ಇದೊಂದು ಸಲ, ಸರ್ ಸಲುವಾಗಿ, ಇದೊಂದೇ ಸಲ.

"ಯಾರದು? ಆರತಿ?"

ಕಮರುದ್ದೀನ ಸರ್ ಬಾಗಿಲಲ್ಲಿ ನಿಂತಿದ್ದರು. ಹೊಸ ಶೇರವಾನಿ ಹಾಕಿದ್ದರು, ಅತ್ತರಿನ ವಾಸನೆ ಬರುತ್ತಿತ್ತು. ಅವರ ಕಣ್ಣು ಆರತಿಯ ಬೆಳ್ಳಗಿನ ಬೆರಳುಗಳ ಮೇಲೆ, ಬೋರ್ಡಿನ ಮೇಲೆ, ಮತ್ತೆ ಬೆರಳುಗಳ ಮೇಲೆ ಹೋಯಿತು. ಆರತಿ ಇನ್ನು ಮುಗಿಯಿತು ಅಂದುಕೊಂಡಳು. ಬೈಯುತ್ತಾರೆ, ಬೈದರೆ ಒಳ್ಳೆಯದೇ ಅಂದುಕೊಂಡಳು.

ಸರ್ ಬೈಯಲಿಲ್ಲ. ಅವರ ಮುಖ ಮೆತ್ತಗಾಯಿತು. "ಪೂಜಾ ಮಾಡಾಕತ್ತೀಯೇನವಾ?" ಅಂದರು. ಮೇಡಂ ಇಲ್ಲ, ರೀ ಇಲ್ಲ. "ಇವತ್ತ ನಂದು ಕೆಡಬಾರದಂತ? ಇಷ್ಟ ಲಗೂ ಎದ್ದು ಬಂದೀಯಲ್ಲ... ಮಾಡವಾ, ಮಾಡು. ನಾ ಹೊರಗ ನಿಂದರತೀನಿ." ಜೇಬಿನಿಂದ ಕರವಸ್ತ್ರ ತೆಗೆದು ಚಷ್ಮಾ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು.

ಅಯ್ಯೋ ದೇವರೇ, ಇದನ್ನು ಹೇಗೆ ತಡೆಯುವುದು! ಆರತಿ ಬೋರ್ಡನ್ನು ಟೇಬಲ್ಲಿನ ಮೇಲೆ ಇಟ್ಟಳು. "ಪೂಜಾ ಅಲ್ಲರಿ ಸರ್," ಎಂದಳು. ಅಲ್ಲಿಂದ ಮುಂದೆ ಮಾತು ತಡೆಯಲಿಲ್ಲ. ಖಂಡೇಪೂಜೆ, ಸೆರಗು, ಸಂದಿಯೊಳಗಿನ ಬೂದಿ, ಎರಡನೆಯ ಬೋರ್ಡು ಎದ್ದದ್ದು ಹೇಗೆ, ಈಗ ಮಾಡಲು ಬಂದದ್ದೇನು, ಎಲ್ಲವನ್ನೂ ಅತ್ತುಕೊಂಡು ಹೇಳಿದಳು.

ಸರ್ ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದರು. ಹೊರಗೆ ಪೆಂಡಾಲಿನವರು ಗೂಟ ಬಡಿಯುತ್ತಿದ್ದರು.

"ಸೀಳಿಲ್ಲದ ಹಳೇ ಬೋರ್ಡ್ ಐತಲ್ಲ," ಅಂದರು ಕೊನೆಗೆ. "ಅದನ್ನ ತರ್ರಿ."

"ಬ್ಯಾಡ್ರಿ ಸರ್."

"ಯಾಕ ಬ್ಯಾಡ?"

"ಇವತ್ತ ಬ್ಯಾಡ್ರಿ. ನಾಳೆ ನೋಡೋಣ್ರಿ."

"ನಾಳೆ ನಾ ಇಲ್ಲಿ ಮಾಸ್ತರ ಇರೂದಿಲ್ಲ," ಅಂದರು ಸರ್. "ಒಂದ ಸಲಕ್ಕ ಒಂದ ಬದಲು ಮಾಡಬೇಕಂತ ಕಲಿಸಿದವ ನಾನ. ಸೀಳೂ ಹಾಕಿದ್ವಿ, ಬೂದಿನೂ ಹಚ್ಚಿದ್ವಿ, ಎರಡೂ ಕೂಡಿಸಿ ಕುಣದ್ವಿ. ಹುಚ್ಚ ನಾನು. ತರ್ರಿ ಅದನ್ನ."

ಇಬ್ಬರೂ ಲ್ಯಾಬಿಗೆ ಹೋದರು. ಮೊದಲು ಸರ್ ಮೂರನೆಯ ಬೋರ್ಡನ್ನೇ, ಬೂದಿ ಮುಟ್ಟಿಸದೆ, ತಾವೇ ಜೋಡಿಸಿ ಹತ್ತಿ ಇಟ್ಟರು. ತಗ್ಗು ಒಂದಿಷ್ಟು ಮಿಸುಕಿತು ಅಷ್ಟೇ. ಸರ್ ತಲೆ ತೂಗಿದರು. ಆಮೇಲೆ ಹಳೆಯ ಬೋರ್ಡು. ಎರಡು ವರ್ಷ ಆರತಿಯನ್ನು ಗೋಳು ಹೊಯ್ದುಕೊಂಡ, ಸೀಳಿಲ್ಲದ, ಬೋಳು ಉಂಗುರ. "ಹಚ್ಚು," ಅಂದರು. ಅವಳು ಎಳೆದ ಮೂರು ಬಟ್ಟು ಸೊಟ್ಟಗೆ ಬಂದವು. ಸರ್ ಟೇಬಲ್ ದೀಪ ಹತ್ತಿರ ಎಳೆದು ಅದನ್ನು ಒಣಗಿಸಿದರು, ಒರೆಸಿದರು, ಹತ್ತಿ ಇಟ್ಟರು.

ತಗ್ಗು ಎಡಕ್ಕೆ ಜಾರಿತು. ಮೊದಲನೆಯ ಬೋರ್ಡಿನಲ್ಲಿ ಆವತ್ತು ಎಲ್ಲಿಗೆ ಹೋಗಿತ್ತೋ ಅಲ್ಲಿಗೇ ಹೋಗಿ ನಿಂತಿತು.

ಸರ್ ಹತ್ತಿ ತೆಗೆದರು. ತಗ್ಗು ನಿಧಾನಕ್ಕೆ ತನ್ನ ಜಾಗಕ್ಕೆ ಮರಳಿತು.

"ಕೂಡ್ರಿ," ಅಂದರು ಸರ್. ದನಿ ಪಾಠ ಹೇಳುವಾಗಿನ ದನಿಯೇ ಇತ್ತು. "ನಿಮ್ಮ ಥೀಸಿಸ್ಸಿನ್ಯಾಗ ಸೀಳಿನ ಅಧ್ಯಾಯ ತಗದ ಹಾಕ್ರಿ. ಬೂದಿ ತೇವಾ ಹಿಡೀತೈತಿ, ತೇವಾ ಹಿಡದದ್ದು ಅಲೆಗೆ ಸಿಗತೈತಿ. ಅದನ್ನ ಬರೀರಿ. ಖಂಡೇಪೂಜಿಂದನೂ ಬರೀರಿ, ನಾಚಬ್ಯಾಡ್ರಿ. ಈ ವಾರದಾಗ ಬರದ ಕೊಟ್ರ ಹಿಂದಿನ ಬಾಕಿ ಕೆಲಸಂತ ಸಹಿ ಮಾಡಾಕ ಬರ್ತೈತಿ ನನಗ. ಇದು ಮೊದಲಿಂದಕ್ಕಿಂತ ಛಲೋ ಥೀಸಿಸ್ ಆಗ್ತೈತಿ, ಖರೇ ಹೇಳ್ತೀನಿ."

"ಇವತ್ತಿನ ಪಾಠರಿ ಸರ್?"

"ಇದನ್ನ ಹೇಳ್ತೀನಿ. ಇದ್ದದ್ದು ಇದ್ದಂಗ."

"ಸರ್, ನಿಮ್ಮ ಸೀಳು..."

"ಒರಸಿದ್ದು ಎಷ್ಟ ಉಳದೈತಿ ನೋಡೂಣು," ಎನ್ನುತ್ತ ಸರ್ ಚಷ್ಮಾ ಹಣೆಗೇರಿಸಿ, ಪರದೆಗೆ ಬೆನ್ನು ಮಾಡಿ, ಹಳೆಯ ಬೋರ್ಡಿನ ಮೇಲೆ ಬಾಗಿದರು. ಮೂಗು ಉಂಗುರಕ್ಕೆ ತಾಗುವಷ್ಟು ಹತ್ತಿರ ಬಾಗಿ, ಅದರ ಬಾಯಲ್ಲುಳಿದ ಬೂದಿಯ ಬಿಳಿ ಗೆರೆಯನ್ನು ನೋಡುತ್ತ ನಿಂತುಬಿಟ್ಟರು. ಶೇರವಾನಿಯ ಬೆನ್ನು ಮಾತ್ರ ಆರತಿಗೆ ಕಾಣುತ್ತಿತ್ತು.

ಬೋರ್ಡಿನ ಮೇಲೆ ಹತ್ತಿಯ ಎಳೆಯೂ ಇರಲಿಲ್ಲ. ಆದರೂ ಪರದೆಯ ಮೇಲೆ ತಗ್ಗು ಸರಿಯಿತು. ಎಡಕ್ಕೆ, ದೂರ, ಹತ್ತಿ ಇಟ್ಟಾಗಲೂ ಹೋಗದಷ್ಟು ದೂರ ಹೋಗಿ, ಅಲ್ಲೊಂದು ಗಳಿಗೆ ನಿಂತು, ನಿಧಾನಕ್ಕೆ ಹಿಂದಕ್ಕೆ ತೆವಳತೊಡಗಿತು. ಸರ್ ಅವರ ಬೆನ್ನು ಮತ್ತೊಮ್ಮೆ ಉಬ್ಬಿ ಇಳಿದು, ನಿಟ್ಟುಸಿರು ಬೂದಿಯ ಮೇಲೆ ಬಿತ್ತು. ತಗ್ಗು ಮತ್ತೆ ಎಡಕ್ಕೆ ಹೋಯಿತು. ಸರ್ ತಿರುಗಿ ನೋಡಲಿಲ್ಲ. ಆರತಿ ಕರೆಯಲಿಲ್ಲ.